ಚರಂಡಿ ಯಾರ ಸಿಲೆಬಸ್?

ಜೋರು ಮಳೆ ಬಂದ್ರೆ ಹಾಸ್ಟೆಲ್ ಹಿಂದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು. "ಯಾರೂ ಕೇಳೋರಿಲ್ವಾ?" ಅಂತ ಬೈಕೊಂಡು ದಾಟ್ತೀವಿ. ಯಾರನ್ನ ಕೇಳಬೇಕು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. 12ನೇ ಅನುಸೂಚಿಯಲ್ಲಿ ನೀರು, ರಸ್ತೆ, ಕಸ, ಬೀದಿದೀಪ ಸೇರಿ 18 ವಿಷಯಗಳಿವೆ. ಇವುಗಳಲ್ಲಿ ಹಲವು ನಾವು ಕ್ಲಾಸಲ್ಲಿ ಓದೋ ವಿಷಯಗಳೇ!

ಕರ್ನಾಟಕದಲ್ಲಿ ಪುರಸಭೆಯ ಆಡಳಿತ ನಡೆಸುವವರು ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು, ಮಹಾನಗರ ಪಾಲಿಕೆಗೆ ಆಯುಕ್ತರು. ಅವರ ಕೆಲಸ ಏನು? ನಮ್ಮ ಚರಂಡಿಯನ್ನೇ ತಗೊಳ್ಳೋಣ. ಎಂಜಿನಿಯರ್ ಇಳಿಜಾರು ಅಳೆದು ಅಂದಾಜುಪಟ್ಟಿ ಮಾಡ್ತಾರೆ. ಆದರೆ ಇರೋ ದುಡ್ಡಲ್ಲಿ ಯಾವ ವಾರ್ಡಿಗೆ ಮೊದಲು? ಅದಕ್ಕೆ ಫಾರ್ಮುಲಾ ಇಲ್ಲ. ಆಯ್ಕೆಯಾದ ಸದಸ್ಯರು ಚರ್ಚಿಸಬೇಕು. ಅಧಿಕಾರಿ ಲೆಕ್ಕವನ್ನೂ ಕಾನೂನನ್ನೂ ಅವರ ಮುಂದಿಟ್ಟು, ಆದ ನಿರ್ಧಾರವನ್ನು ಜಾರಿಗೆ ತರಬೇಕು. ಹಾಗಾಗಿ ಇಲ್ಲಿ ಲೆಕ್ಕ ಬಂದರಷ್ಟೇ ಸಾಲದು, ಜನರ ಮಾತು ಕೇಳುವ ತಾಳ್ಮೆಯೂ ಬೇಕು.

ದಾರಿಗಳು ಮೂರು. ನೇಮಕಾತಿ ಪರೀಕ್ಷೆ ಬರೆದು ಪಾಲಿಕೆ ಎಂಜಿನಿಯರ್ ಆಗಬಹುದು. ಕೆಎಎಸ್, ಐಎಎಸ್ ಪಾಸಾಗಿ ಆಯುಕ್ತರಾಗಬಹುದು. 21 ವರ್ಷ ತುಂಬಿದ ಮತದಾರರು ವಾರ್ಡ್ ಚುನಾವಣೆಗೂ ನಿಲ್ಲಬಹುದು. ಅಂದರೆ ಫೈನಲ್ ಇಯರ್‌ನವರಲ್ಲಿ ಹಲವರಿಗೆ ಆ ವಯಸ್ಸು ಆಗಲೇ ಆಗಿದೆ!

ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಈ ಕೆಲಸಗಳು ಕಾಣಲ್ಲ. ಅದಕ್ಕೇ ನಾವೇ ಹುಡುಕಬೇಕು. ಮುಂದಿನ ಮಳೆಗೆ ಮುಂಚೆ ಸರ್ವೇ ಲ್ಯಾಬಲ್ಲಿ ಕಲಿತದ್ದನ್ನು ಆ ರಸ್ತೆ ಮೇಲೆ ಪ್ರಯೋಗಿಸೋಣ. ಅಳತೆ, ಫೋಟೋ ಸಮೇತ ಅರ್ಜಿ ಕೊಡೋಣ. ಸ್ವೀಕೃತಿ ಪಡೆಯೋದನ್ನ ಮಾತ್ರ ಮರೆಯೋದು ಬೇಡ.