ನಗರವಾಸಿಗಳ ನಿತ್ಯಾನುಷ್ಠಾನ

ಉಲ್ಹಾಸನಗರವು ದೇಶವಿಭಜನೆಯಿಂದ ನಿರಾಶ್ರಿತರಾದ ಸಿಂಧಿ ಜನರಿಗಾಗಿ 1949ರಲ್ಲಿ, ಕಲ್ಯಾಣದ ಸೈನಿಕ ಶಿಬಿರದ ನೆಲದಲ್ಲಿ ರೂಪುಗೊಂಡ ಊರು. ಮನೆಮಾರುಗಳನ್ನು ಕಳೆದುಕೊಂಡು ಬಂದರೂ ಅವರು ಝೂಲೇಲಾಲನ ಆರಾಧನೆಯನ್ನು ಬಿಡಲಿಲ್ಲ. ಉದ್ಯೋಗಾರ್ಥವಾಗಿ ಬಂದ ನಾವು ಲೋಕಲ್ ಗಾಡಿಯ ವೇಳೆಯನ್ನು ನೆಪವಾಗಿಸಿ ಸಂಧ್ಯಾವಂದನೆಯನ್ನು ಬಿಡುವುದು ಉಚಿತವೇ?

ಶಾಸ್ತ್ರವು ಅಶಕ್ಯವಾದುದನ್ನು ವಿಧಿಸುವುದಿಲ್ಲ. ಗಾಯತ್ರೀಜಪದಲ್ಲಿ ಸಹಸ್ರವು ಉತ್ತಮ, ಶತವು ಮಧ್ಯಮ, ದಶವು ಕನಿಷ್ಠ. ಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಅಧಿಕವಾಗಿ ಕೊಟ್ಟು ಕರ್ಮವನ್ನು ನಡೆಸಬೇಕು. ಸಂಕ್ಷೇಪಕ್ಕೆ ಅವಕಾಶವುಂಟು, ಲೋಪಕ್ಕಿಲ್ಲ. ಆದರೆ ದಶಜಪವೇ ಸಾಕೆಂದು ರಜಾದಿನಗಳಲ್ಲಿಯೂ ಅಷ್ಟಕ್ಕೇ ನಿಲ್ಲುವುದು ಸಲ್ಲದು.

ದೇವಪೂಜೆಗೆ ಧ್ಯಾನವೇ ಪ್ರಾಣ. ನಮ್ಮ ಸಂಪ್ರದಾಯದಲ್ಲಿ ಪೂಜಕನು ತನ್ನ ಹೃದಯಸ್ಥನಾದ ಬಿಂಬರೂಪಿ ಭಗವಂತನನ್ನು ಮೊದಲು ಚಿಂತಿಸಿ, ಅವನನ್ನೇ ಪ್ರತಿಮೆಯಲ್ಲಿ ಆವಾಹಿಸುತ್ತಾನೆ. ಪೂಜಾಂತ್ಯದಲ್ಲಿ ಪುನಃ ಹೃದಯದಲ್ಲಿ ನೆಲೆಗೊಳಿಸಿಕೊಳ್ಳುತ್ತಾನೆ. ಆದುದರಿಂದ ದೇವರ ಗೂಡು ಅಡಿಗೆಮನೆಯ ಮೂಲೆಯಲ್ಲಿದ್ದರೆ ಕೊರತೆಯೇನೂ ಇಲ್ಲ; ಮನಸ್ಸು ಗಡಿಯಾರದಲ್ಲಿದ್ದರೆ ಅದೇ ಕೊರತೆ.

ಉಳಿದ ಹೊತ್ತಿನ ಗತಿಯೇನು? ಶ್ರೀರಾಘವೇಂದ್ರತೀರ್ಥರ ಪ್ರಾತಃಸಂಕಲ್ಪ ಗದ್ಯವು ದಿನದ ಸಕಲ ಕರ್ಮಗಳನ್ನೂ ಭಗವತ್ಪೂಜೆಯೆಂದು ಸಂಕಲ್ಪಿಸಲು ಕಲಿಸುತ್ತದೆ. ಸರ್ವಸಮರ್ಪಣ ಗದ್ಯವು ಅವುಗಳನ್ನು ಅವನಿಗೇ ಒಪ್ಪಿಸಲು ಕಲಿಸುತ್ತದೆ. ಎದ್ದೊಡನೆ ಮೊದಲನೆಯದನ್ನು, ಮಲಗುವ ಮುನ್ನ ಎರಡನೆಯದನ್ನು ಅರ್ಥಾನುಸಂಧಾನಪೂರ್ವಕವಾಗಿ ಪಠಿಸಿದರೆ, ಕಚೇರಿಯ ದುಡಿಮೆಯೂ ಗೃಹಿಣಿಯ ಪಾಕಕಾರ್ಯವೂ ಪೂಜೆಯಲ್ಲಿ ಸೇರುತ್ತವೆ. ಗೀತೆಯ 3ನೆಯ ಅಧ್ಯಾಯದ 30ನೆಯ ಶ್ಲೋಕದ ಅಭಿಪ್ರಾಯವೂ ಇದೇ.

ಉಪನಯನದಲ್ಲಿ ಮಗನಿಗೆ ಉಪದೇಶಿಸಿದ ಮಂತ್ರವು ಉಳಿಯುವುದು ಮನೆಯಲ್ಲಿ ತಂದೆ ನಿತ್ಯವೂ ಜಪಕ್ಕೆ ಕುಳಿತರೆ ಮಾತ್ರ. ಸಜ್ಜನರು ಇದನ್ನು ಮನಗಾಣಬೇಕು.

ಶ್ರೀಕೃಷ್ಣಾರ್ಪಣಮಸ್ತು.