ತರಿತರಿ ಚರ್ಮವನ್ನು ತಿಕ್ಕಬೇಡಿ
ತೋಳಿನ ಹಿಂಬದಿಯಲ್ಲಿ, ತೊಡೆಯ ಮೇಲೆ ಉಪ್ಪುಕಾಗದದ ಹಾಗೆ ತರಿತರಿಯಾಗಿ ಕೈಗೆ ತಾಗುವ ಗುಳ್ಳೆಗಳು ಕೊಳೆಯಿಂದ ಬಂದವಲ್ಲ. ಹಾಗಾಗಿ ತಿಕ್ಕಿದರೆ ಹೋಗುವುದೂ ಇಲ್ಲ. ಕೂದಲಿನ ರಂಧ್ರದ ಬಾಯಲ್ಲಿ ಕೆರಾಟಿನ್ ಎಂಬ ಪ್ರೋಟೀನ್ ಗಟ್ಟಿಯಾಗಿ ಕಟ್ಟಿಕೊಳ್ಳುವುದೇ ಇದರ ಮೂಲ. ಎಷ್ಟೋ ಸಲ ಅದರಡಿಯಲ್ಲಿ ಕೂದಲು ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಕಲ್ಲಿನಿಂದ ಉಜ್ಜಿದ ದಿನ ನುಣುಪಾಗುತ್ತದಲ್ಲ ಎನ್ನಬಹುದು. ನಿಜ, ಆದರೆ ಸವೆಯುವುದು ತುದಿ ಮಾತ್ರ; ಒಳಗಿನ ಗಂಟು ಹಾಗೇ ಉಳಿದು, ಕೆರಳಿದ ಚರ್ಮ ಕಪ್ಪಾಗುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಉಗುರಿನಿಂದ ಚಿವುಟುವುದಂತೂ ಬೇಡವೇ ಬೇಡ. ಸ್ನಾನವಾದ ಮೇಲೆ, ಮೈ ಇನ್ನೂ ತೇವವಿರುವಾಗಲೇ, ಶೇ. 10ರಿಂದ 20ರಷ್ಟು ಯೂರಿಯಾ ಇರುವ ಕ್ರೀಮನ್ನು ದಿನವೂ ಹಚ್ಚಿ. ಫಲ ಕಾಣಲು ವಾರಗಳೇ ಬೇಕು. ಅಷ್ಟು ದಿನ ವ್ಯಾಕ್ಸಿಂಗ್ ನಿಲ್ಲಿಸಿ. ಕೀವು, ನೋವು ಇದ್ದರೆ ಚರ್ಮವೈದ್ಯರನ್ನು ಕಾಣಿ.