ಫ್ರಿಜ್ ತಣ್ಣಗಾಗದಿದ್ದರೆ

ಒಂದು ಕಾಲದಲ್ಲಿ ಹಳ್ಳಿಯಾಗಿದ್ದು ಈಗ ಬೆಂಗಳೂರಿನೊಳಗೆ ಸೇರಿರುವ ಸಾರಕ್ಕಿಯ ಗರ್ಭಿಣಿಯೊಬ್ಬರಿಗೆ ಇನ್ಸುಲಿನ್ ಕೊಡುತ್ತಿದ್ದರೂ ರಕ್ತದ ಸಕ್ಕರೆ ಇಳಿಯಲಿಲ್ಲ. ವಿಚಾರಿಸಲಾಗಿ, ಮನೆಯ ಫ್ರಿಜ್ ಕೆಟ್ಟು ಎರಡು ತಿಂಗಳಾಗಿದ್ದರೂ ಔಷಧಿ ಅದರಲ್ಲಿಯೇ ಇದ್ದಿತು. ಹೊಸ ಔಷಧಿಯಿಂದ ಸಕ್ಕರೆ ಹತೋಟಿಗೆ ಬಂದಿತು. ಆದುದರಿಂದ ದಂಪತಿಗಳಿಬ್ಬರೂ ಈ ಸಂಗತಿಗಳನ್ನು ಅರಿತಿರಬೇಕು.

1. ಕಂಪ್ರೆಸರ್ ಹೊರಡದಿದ್ದರೆ: ಒಳಗಿನ ದೀಪ ಉರಿಯದಿದ್ದಲ್ಲಿ ಪ್ಲಗ್ ಮತ್ತು ಫ್ಯೂಸ್ ನೋಡಿರಿ. ದೀಪ ಉರಿದು, ‘ಗುಂಯ್’ ಎಂದು ‘ಟಕ್’ ಎಂದು ನಿಂತರೆ ವೋಲ್ಟೇಜ್ ಕಡಿಮೆಯಿರಬಹುದು ಅಥವಾ ರಿಲೇ ಕೆಟ್ಟಿರಬಹುದು. ಸ್ವಿಚ್ ಆರಿಸಿ, ಐದು ನಿಮಿಷ ಕಾದು, ಒಮ್ಮೆ ಮಾತ್ರ ಪ್ರಯತ್ನಿಸಿರಿ.

2. ಓಡಿದರೂ ತಂಪಾಗದಿದ್ದರೆ: ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ತಂಪು ಸೋರುತ್ತಿದೆ. ಪ್ಲಗ್ ಕಿತ್ತು, ಹಿಂದಿನ ಕೊಳವೆಗಳ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ದಪ್ಪ ಮಂಜುಗಡ್ಡೆಯನ್ನು ತಾನಾಗಿ ಕರಗಲು ಬಿಡಿರಿ. ಚಾಕುವಿನಿಂದ ಕೆರೆದರೆ ಗ್ಯಾಸಿನ ಕೊಳವೆ ತೂತಾಗಬಹುದು.

3. ಇಷ್ಟಾದರೂ ಸರಿಹೋಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ, ತಾವೇ ಬಿಚ್ಚಬಾರದು. ಈಚಿನ ಅನೇಕ ಫ್ರಿಜ್‌ಗಳ ಗ್ಯಾಸ್ ಬೆಂಕಿ ಹಿಡಿಯುವಂತಹುದು.

4. ಆಹಾರ ಮತ್ತು ಔಷಧಿ: ಬಾಗಿಲನ್ನು ಪದೇ ಪದೇ ತೆರೆಯಬೇಡಿರಿ. ನಾಲ್ಕು ಗಂಟೆಗೂ ಮೀರಿ ತಂಪು ತಪ್ಪಿದ ಹಾಲು, ಮಾಂಸ, ಬೇಯಿಸಿದ ಆಹಾರವನ್ನು ವಾಸನೆ ನೋಡಿ ಉಪಯೋಗಿಸದೆ ಚೆಲ್ಲಿರಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಿದ್ದು ನಿರುಪಯುಕ್ತ. ಫ್ರಿಜ್ ಕೆಟ್ಟಾಗ ಸೀಸೆಯನ್ನು ಒಣ ಡಬ್ಬಿಯಲ್ಲಿಟ್ಟು, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿಡಿರಿ. ಬೇಗನೆ ವೈದ್ಯರ ಸಲಹೆ ಪಡೆಯಿರಿ. ಚುಚ್ಚುಮದ್ದನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.